ಬಸ್ ನಿಲ್ದಾಣ ಕೆಡವಿ ಹೊಸದು ಕಟ್ತಾರಂತೆ: ನಕ್ಷೆಯಲ್ಲಿ ಏನೇನು ನೋಡಬೇಕು?

ತಾಲ್ಲೂಕುವಾಸಿ:
ನಮ್ಮ ತಾಲ್ಲೂಕು ಕೇಂದ್ರದ ಹಳೇ ನಿಲ್ದಾಣ ಕೆಡವಿ, ಕೆಳಗೆ ಮಳಿಗೆ, ಮೇಲೆ ಎರಡು ಮಹಡಿ ಬರುತ್ತದಂತೆ. ನಕ್ಷೆ ನೋಡಿ ಆಕ್ಷೇಪಣೆ ಕೊಡಿ ಅಂದಿದ್ದಾರೆ. ಈಗ ಬಸ್ ನಿಲ್ಲುವ 10 ಅಂಕಣ ಇವೆ, ಬೆಳಿಗ್ಗೆ 8ರಿಂದ 9ರವರೆಗೆ 60 ಬಸ್ ಬರುತ್ತವೆ. ಜಾಗ ಹಿಂದೆ ಕೆರೆ ಅಂಗಳವಂತೆ. ಜೋರು ಮಳೆಗೆ ಒಂದನೇ ಅಂಕಣದಲ್ಲಿ ನೀರು ನಿಲ್ಲುತ್ತದೆ. ಮೆಜೆಸ್ಟಿಕ್ಕೂ ಕೆರೆ ಮೇಲೇ ಕಟ್ಟಿದ್ದಲ್ಲವೇ? ಗೊತ್ತಿದ್ದವರು ತಿಳಿಸಿ.

ಏರಿಮೇಲೆ:
ಹೌದು, ಮೆಜೆಸ್ಟಿಕ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆ ಅಂಗಳದಲ್ಲಿ. ಕೆಂಪೇಗೌಡರು ಕಟ್ಟಿಸಿದ್ದೆಂದು ಪ್ರತೀತಿ, ಪೇಟೆಗೆ ಅದೇ ನೀರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ಮೇಲೆ ಕೆರೆಯನ್ನು ಕೇಳುವವರು ಕಡಿಮೆಯಾದರು. ಕೆರೆ ಒಣಗಿ ಮೈದಾನವಾಯಿತು, ಆಮೇಲೆ ಬಸ್ ನಿಲ್ದಾಣ. 'ಮೆಜೆಸ್ಟಿಕ್' ಅನ್ನುವುದು ಪಕ್ಕದ ಚಿತ್ರಮಂದಿರದ ಹೆಸರು. ಅಣ್ಣಮ್ಮನ ಗುಡಿ ಹತ್ತಿರದ ಟ್ಯಾಂಕ್ ಬಂಡ್ ರಸ್ತೆಯೇ ಹಳೇ ಏರಿ. ಹೆಸರು ಉಳಿದಿದೆ, ಕೆರೆ ಇಲ್ಲ.

ನಿಮ್ಮೂರಿಗೆ ಬೇಕಾದ ಮಾತು ಇದು: ಕೆರೆ ಹೋದರೂ ತಗ್ಗು ಹೋಗುವುದಿಲ್ಲ. ಸುತ್ತಲಿನ ನೀರು ಅಲ್ಲಿಗೇ ಹರಿದು ಬರುತ್ತದೆ, ಏರಿ ಈಗ ರಸ್ತೆಯಾಗಿ ಅದನ್ನು ತಡೆಯುತ್ತದೆ. ಗ್ರಾಮ ನಕ್ಷೆ ತೆಗೆಸಿ, ಸರ್ಕಾರದ ಜಮೀನು ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ನೋಡಿ. ಪಹಣಿಯಲ್ಲಿ ಕೆರೆ ಅಥವಾ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಯಿಲ್ಲದ ಜಾಗ) ಅಂತಿದ್ದರೆ ಅದನ್ನೇ ಮೊದಲ ಆಕ್ಷೇಪಣೆಯಾಗಿ ಬರೆಯಿರಿ. ಆಮೇಲೆ ತೂಬು ಎಲ್ಲಿತ್ತು, ಕೋಡಿ ಯಾವ ದಿಕ್ಕಿಗೆ ಹರಿಯುತ್ತಿತ್ತು ಹುಡುಕಿ. ಹೊಸ ಮೋರಿ ಆ ದಿಕ್ಕಿಗೇ ಹೋಗಬೇಕು. ರಸ್ತೆ ಚರಂಡಿಗೆ ಸೇರಿಸುತ್ತೇವೆ ಅಂದರೆ, ಚರಂಡಿಯ ತಳಮಟ್ಟ ಅಂಗಳಕ್ಕಿಂತ ಕೆಳಗಿದೆಯೇ ಎಂದು ಲೆವೆಲ್ ಕೇಳಿ. ಮೇಲಿದ್ದರೆ ಮಳೆಗಾಲದಲ್ಲಿ ಚರಂಡಿಯೇ ನಿಲ್ದಾಣದೊಳಕ್ಕೆ ಬರುತ್ತದೆ.

ಹೋಲ್ಡಾನ್_ರೈಟ್:
ಕಟ್ಟಡದ ಚಿತ್ರ ಪಕ್ಕಕ್ಕಿಡಿ, ಅಂಗಳದ ಅಳತೆ ನೋಡಿ. ಬಸ್ಸು ಕಟ್ಟಡದಲ್ಲಿ ಓಡುವುದಿಲ್ಲ.

ಒಂದು ಬಸ್ ಅಂಕಣದಲ್ಲಿ 10 ನಿಮಿಷ ನಿಂತು, ಹಿಂದೆ ತೆಗೆದು ಇನ್ನೊಂದು ಬರಲು 2 ನಿಮಿಷ ಹಿಡಿದರೆ ಗಂಟೆಗೆ ಒಂದು ಅಂಕಣಕ್ಕೆ 5 ಬಸ್. ನಿಮ್ಮ 60 ಬಸ್ಸಿಗೆ 12 ಅಂಕಣ. ತಡವಾಗಿ ಬರುವವಕ್ಕೆ ಇನ್ನು 3 ಸೇರಿಸಿ, 15. ಈಗಿರುವ 10ರಲ್ಲಿ ರಸ್ತೆ ಮೇಲೆ ಸಾಲು ನಿಂತರೆ ಆಶ್ಚರ್ಯವಿಲ್ಲ.

12 ಮೀಟರ್ ಬಸ್ಸನ್ನು 45 ಡಿಗ್ರಿ ಓರೆಯಾಗಿ ಮೂತಿ ಒಳಗೆ ಮಾಡಿ ನಿಲ್ಲಿಸಿದರೆ ಪ್ಲಾಟ್‌ಫಾರ್ಮ್ ಅಂಚಿನಿಂದ ಹಿಂದಕ್ಕೆ 10.5 ಮೀಟರ್ ಬೇಕು. ಅಂಕಣದ ಅಗಲ 4 ಮೀಟರ್ ಅಂದರೆ ಅಂಚಿನುದ್ದಕ್ಕೆ 5.7 ಮೀಟರ್ ಹೋಗುತ್ತದೆ. 15 ಅಂಕಣಕ್ಕೆ ಸುಮಾರು 85 ಮೀಟರ್ ಆಯಿತಲ್ಲ! ಅದರ ಹಿಂದೆ ರಿವರ್ಸ್ ತೆಗೆಯಲು 18 ಮೀಟರ್ ಖಾಲಿ ಸಿಗಬೇಕು, ತಿರುಗಲು 24 ಮೀಟರ್ ವ್ಯಾಸ ಹಿಡಿಯಿರಿ. ಮಳಿಗೆಗಾಗಿ ಅಂಗಳದಿಂದ 6 ಮೀಟರ್ ಕಚ್ಚಿದರೂ ಒಂದೇ ಸಲಕ್ಕೆ ತಿರುಗುವ ಬಸ್ ಮೂರು ಸಲ ಹಿಂದೆ ಮುಂದೆ ಮಾಡುತ್ತದೆ. ಜನ ಚಕ್ರದಡಿ ಸಿಗುವುದು ಇಂಥ ಹೊತ್ತಿನಲ್ಲೇ. ಮೇಲೆ ಮಹಡಿ ಅಂದರೆ ಕಂಬ ಬರುತ್ತವೆ. ಒಂದು ಕಂಬವೂ ರಿವರ್ಸ್ ಜಾಗದಲ್ಲಿ ಇರಕೂಡದು.

ಊಟಕ್ಕೆ, ಪಾಳಿ ಬದಲಿಗೆ ನಿಲ್ಲುವ ಬಸ್ಸಿಗೆ ಬೇರೆ ಜಾಗ ತೋರಿಸಿದ್ದಾರೆಯೇ? ಇಲ್ಲದಿದ್ದರೆ ಅವು ಅಂಕಣದಲ್ಲೇ ಠಿಕಾಣಿ ಹಾಕುತ್ತವೆ, ಮೇಲಿನ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ಎಂ40:
ಅಂಗಳಕ್ಕೆ ಡಾಂಬರು ಅಂತಿದ್ದರೆ ಒಪ್ಪಬೇಡಿ. ಡೀಸೆಲ್ ತೊಟ್ಟಿಕ್ಕಿದ ಕಡೆ ಡಾಂಬರು ಕರಗುತ್ತದೆ, ಎರಡೂ ಒಂದೇ ಕಚ್ಚಾ ತೈಲದವು. ಅದೇ ಜಾಗದಲ್ಲಿ ದಿನವೂ ಬ್ರೇಕ್ ಹಾಕಿದರೆ ಅಲೆ ಏಳುತ್ತದೆ. 60 ಮಿ.ಮೀ. ಇಂಟರ್‌ಲಾಕ್ ಕಲ್ಲೂ ಆಗದು, ಅದು ಕಾಲುದಾರಿಗೆ ಸರಿ.

ಎಂ40 ದರ್ಜೆಯ ಗಟ್ಟಿ ಕಾಂಕ್ರೀಟ್, 250ರಿಂದ 300 ಮಿ.ಮೀ. ದಪ್ಪ, ಕೆಳಗೆ 150 ಮಿ.ಮೀ. ಡಿಎಲ್‌ಸಿ (ಸಿಮೆಂಟ್ ಕಡಿಮೆಯ ಒಣ ಕಾಂಕ್ರೀಟ್), ಅದರ ಕೆಳಗೆ ಜಿಎಸ್‌ಬಿ (ನೀರು ಬಸಿಯುವ ಜಲ್ಲಿ ಪದರ). ಕೆರೆ ಅಂಗಳದ ಜೇಡಿಯಾದ್ದರಿಂದ ಮಣ್ಣು ಎಷ್ಟು ಭಾರ ತಡೆಯುತ್ತದೆಂದು ಅಳೆಯುವ ಸಿಬಿಆರ್ ಪರೀಕ್ಷೆಯ ವರದಿ ಇಲ್ಲದೆ ದಪ್ಪ ನಿಗದಿಯಾಗಬಾರದು. ಸುಮಾರು 4.5 ಮೀಟರಿಗೊಂದು ಜಾಯಿಂಟ್, ಕಾಂಕ್ರೀಟ್ ಹಾಕಿದ ದಿನವೇ ಕಟ್ಟರ್‌ನಿಂದ ಕೊಯ್ಯಬೇಕು. ನಾಳೆ ನೋಡೋಣ ಅಂದರೆ ಅದು ತನಗೆ ಬೇಕಾದ ಕಡೆ ಬಿರುಕು ಬಿಡುತ್ತದೆ. ಎರಡು ವಾರ ಗೋಣಿಚೀಲ ಹಾಸಿ ನೀರು, 28 ದಿನ ಬಸ್ ಬಿಡಬಾರದು. ಉದ್ಘಾಟನೆಯ ದಿನಾಂಕ ಈ 28 ದಿನವನ್ನೇ ನುಂಗುವುದು ಸಾಮಾನ್ಯ.

ಇಳಿಜಾರು ಪ್ಲಾಟ್‌ಫಾರ್ಮಿನಿಂದ ಆಚೆಗೆ ಇರಲಿ. ಚಕ್ರ ಹಾಯುವಲ್ಲಿ ಜಾಲರಿ ಹಾಕಿದರೆ ಭಾರೀ ಎರಕದ್ದೇ ಬೇಕು. ಮೋರಿಗೆ ಬಿಡುವ ಮುನ್ನ ಎಣ್ಣೆ ಬೇರ್ಪಡಿಸುವ ಗುಂಡಿ ಕೇಳಿ.

ಕ್ಲೋಕ್‌ರೂಮ್:
ಕೆಡವಲೇಬೇಕೇ ಅನ್ನುವುದನ್ನೂ ಕೇಳಿ. ಇಂಗ್ಲೆಂಡಿನ ಪ್ರೆಸ್ಟನ್ನಿನ 1969ರ ನಿಲ್ದಾಣದಲ್ಲಿ ಎರಡೂ ಬದಿ ತಲಾ 40, ಒಟ್ಟು 80 ಅಂಕಣ. ಕೆಡವುವ ಯೋಜನೆಯೇ ಇತ್ತು. 2013ರಲ್ಲಿ ಪಾರಂಪರಿಕ ಕಟ್ಟಡದ ಪಟ್ಟಿಗೆ ಸೇರಿದ ಮೇಲೆ ದುರಸ್ತಿಗಿಳಿದರು. ಎಲ್ಲ ಬಸ್ಸನ್ನೂ ಪೂರ್ವದ ಬದಿಗೆ ಒಯ್ದು, ಪಶ್ಚಿಮದ ಬಸ್ ಅಂಗಳವನ್ನು ಜನರ ಚೌಕ ಮಾಡಿದರು. ಕಾಂಕ್ರೀಟ್ ಚೌಕಟ್ಟು ಗಟ್ಟಿಯಿದ್ದರೆ ಅಂಗಳ ಮಾತ್ರ ಬದಲಿಸಿ ಸಾಕಾಗಬಹುದು. ಕಂಬದ ಕೋರ್ ಪರೀಕ್ಷೆ (ಕಾಂಕ್ರೀಟ್ ತುಂಡು ಕೊರೆದು ತೆಗೆದು ಗಟ್ಟಿತನ ನೋಡುವುದು) ಮಾಡಿಸಿದ್ದಾರಾ?

ಇನ್ನೊಂದು, ಕೆಲಸ ನಡೆಯುವಷ್ಟು ಕಾಲ ಬಸ್ ಎಲ್ಲಿ ನಿಲ್ಲುತ್ತವೆ ಎಂದು ಬರೆಸಿಕೊಳ್ಳಿ. ಊರಾಚೆ ಹೊಲಕ್ಕೆ ಅಂದರೆ ಬೇಡ. ಪೀಣ್ಯದ ಬಸವೇಶ್ವರ ನಿಲ್ದಾಣ 2014ರಲ್ಲಿ ಶುರುವಾಯಿತು. ಜನ ಮೆಜೆಸ್ಟಿಕ್ ಬಿಟ್ಟು ಅಲ್ಲಿಗೆ ಹೋಗದೆ ವರ್ಷಗಟ್ಟಲೆ ಖಾಲಿ ಬಿತ್ತು.

ತಾಲ್ಲೂಕುವಾಸಿ:
ಬಹಳ ಉಪಕಾರವಾಯಿತು. ನಕ್ಷೆಯಲ್ಲಿ ಅಂಚಿನುದ್ದ 62 ಮೀಟರ್ ಇದೆ, ಆದರೆ 14 ಅಂಕಣ ಅಂತ ಬರೆದಿದ್ದಾರೆ.

ಹೋಲ್ಡಾನ್_ರೈಟ್:
62ರಲ್ಲಿ 5.7ರಂತೆ 10ಕ್ಕೆ ಮೇಲೆ ಕೂರುವುದಿಲ್ಲ ಸರ್. 14 ಬರಬೇಕಾದರೆ ಅಂಕಣದ ಅಗಲ 3.1 ಮೀಟರಿಗೆ ಇಳಿಯುತ್ತದೆ, ಬಸ್ಸೇ 2.6. ಎರಡು ಬಸ್ಸಿನ ನಡುವೆ ಅರ್ಧ ಮೀಟರ್, ಬಾಗಿಲಿಂದ ಲಗೇಜ್ ಹಿಡಿದು ಇಳಿಯುವುದು ಎಲ್ಲಿಗೆ? ಈ ಒಂದು ಲೆಕ್ಕ ಬರೆದು ಕೊಟ್ಟರೆ ಸಾಕು, ನಕ್ಷೆ ವಾಪಸ್ ಹೋಗಲೇಬೇಕು.