ಕೊಡಚಾದ್ರಿ ಹತ್ತೋಕೆ ನೀರು ಹೋಗದ ಬೂಟು ಯಾವುದು?

ತೋಟದಮನೆ:
ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ತೋಟಕ್ಕೆ ಗಂಬೂಟು ಹಾಕುತ್ತೇನೆ, ಅಲ್ಲಿಗೆ ಅದೇ ಸರಿ. ಹೋದ ವರ್ಷ ಕುಂದಾದ್ರಿಗೂ ಅದನ್ನೇ ಹಾಕಿಕೊಂಡು ಹೋದೆ. ಇಳಿಯುವಾಗ ಕಾಲು ಒಳಗೇ ಮುಂದಕ್ಕೆ ಜಾರಿ ಜಾರಿ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಯಿತು, ಒಂದು ಬಿದ್ದೇ ಹೋಯಿತು. ಈ ಸಲ ಮಳೆ ಸ್ವಲ್ಪ ಇಳಿದ ಮೇಲೆ ನಿಟ್ಟೂರು ಕಡೆಯಿಂದ ಕೊಡಚಾದ್ರಿ ಹತ್ತಬೇಕು ಅಂತಿದ್ದೇನೆ. ಆನ್‌ಲೈನ್‌ನಲ್ಲಿ ಹಂಟಿಂಗ್ ಬೂಟು ನೋಡಿದೆ. ಚರ್ಮದ್ದು, ಮೀನಖಂಡದವರೆಗೆ ಬರುತ್ತದೆ, ಗೋರ್‌ಟೆಕ್ಸ್ ಇದೆ, ಬೆಲೆ ಹದಿನೈದು ಸಾವಿರ. ನನಗೆ ಶಿಕಾರಿ ಬೇಡ, ಉಂಬಳ (ಜಿಗಣೆ) ಹತ್ತದೆ ಕಾಲು ಒಣಗಿದ್ದರೆ ಸಾಕು. ತೆಗೆದುಕೊಳ್ಳಲಾ?

ಘಟ್ಟದ ದಾರಿ:
ದಯವಿಟ್ಟು ಬೇಡ. ಆ ಬೂಟು ಚಳಿ ದೇಶದಲ್ಲಿ ಒದ್ದೆ ಹುಲ್ಲಿನ ನಡುವೆ ಗಂಟೆಗಟ್ಟಲೆ ಕಾದು ಕೂರುವವರಿಗೆ ಮಾಡಿದ್ದು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮಲ್ಲಿ ಶಿಕಾರಿಯೇ ಅಪರಾಧ. ನಮಗೆ ಬೇಕಾಗಿರುವುದು ನಡೆಯುವ ಬೂಟು.

ಗೋರ್‌ಟೆಕ್ಸ್ ಅಂದರೆ ಒಳಗೆ ಅಂಟಿಸಿದ ತೆಳು ಪೊರೆ. ನೀರಿನ ಹನಿಯನ್ನು ತಡೆಯುತ್ತದೆ, ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆ. ಆದರೆ ನಮ್ಮ ಮಳೆಗಾಲದಲ್ಲಿ ಹೊರಗಿನ ಗಾಳಿಯೂ ಒದ್ದೆ. ಆವಿ ಹೋಗುವುದೆಲ್ಲಿಗೆ? ಇನ್ನು ಪ್ಯಾಂಟಿನಿಂದ ಇಳಿದ ನೀರು ಬೂಟಿನ ಬಾಯಿಯಿಂದಲೇ ಒಳಗೆ ಸೇರುತ್ತದೆ. ಆಮೇಲೆ ಅದೇ ಪೊರೆ ನೀರನ್ನು ಹೊರಗೆ ಬಿಡುವುದಿಲ್ಲ. ನಾನೊಮ್ಮೆ ಅಂಥದೇ ಬೂಟು ಹಾಕಿ ಕೊಡಚಾದ್ರಿಗೆ ಹೋದಾಗ, ದಾರಿಯ ಹಿಡ್ಲುಮನೆ ಹಳ್ಳದ ಹತ್ತಿರ ಬೂಟು ಬಿಚ್ಚಿ ಬೋರಲು ಹಾಕಿದೆ, ಒಂದು ಲೋಟದಷ್ಟು ನೀರು ಸುರಿಯಿತು. ಜೊತೆಗಿದ್ದವರು ಸಾದಾ ಜಾಲರಿ ಶೂ ಹಾಕಿದ್ದರು. ಹಳ್ಳ ದಾಟಿ ಅರ್ಧ ಗಂಟೆ ನಡೆದರೆ ಅವರದು ಮುಕ್ಕಾಲು ಭಾಗ ನೀರು ಬಸಿದಿತ್ತು.

ಒದ್ದೆಯಾಗುವುದು ಖಂಡಿತ, ಅದನ್ನು ಒಪ್ಪಿಕೊಳ್ಳಿ. ದುಡ್ಡನ್ನು ಹಿಡಿತಕ್ಕೆ ಹಾಕಿ. ಜಂಬಿಟ್ಟಿಗೆ ಮೇಲೆ ಹಾವಸೆ ಕಟ್ಟಿರುತ್ತದೆ, ಗಟ್ಟಿ ರಬ್ಬರ್ ಅಲ್ಲಿ ಸೋಪಿನ ಹಾಗೆ ಜಾರುತ್ತದೆ. ಅಡಿಯ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿ, ಸ್ವಲ್ಪ ಒಳಗೆ ಹೋಗಬೇಕು. ಮಣ್ಣಿಗೆ ಹಲ್ಲುಗಳೂ ಆಳವಾಗಿರಲಿ. ಅಂಗಡಿಗೆ ಸಂಜೆ ಹೋಗಿ, ಅಷ್ಟೊತ್ತಿಗೆ ಕಾಲು ಕೊಂಚ ಊದಿರುತ್ತದೆ. ನಡೆಯುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಇಳಿಜಾರಿನಲ್ಲಿ ನಿಂತು ನೋಡಿ. ಬೆರಳು ಮುಂದೆ ತಾಗಿದರೆ ಆ ಜೋಡಿ ಬಿಡಿ.

ಉಂಬಳಕ್ಕೆ ಬೂಟು ಮದ್ದಲ್ಲ. ಒತ್ತಾಗಿ ನೇಯ್ದ ಬಟ್ಟೆಯ ಚೀಲವನ್ನು ಪ್ಯಾಂಟಿನ ಮೇಲೆ ಮೊಣಕಾಲಿನವರೆಗೆ ಎಳೆದು ಕಟ್ಟಬೇಕು. ಸಾದಾ ಕಾಲುಚೀಲದ ಕಣ್ಣಿನಲ್ಲಿ ಅದು ನೂಲಿನ ಹಾಗೆ ತೂರಿಬಿಡುತ್ತದೆ. ಹೊಗೆಸೊಪ್ಪಿನ ಪುಡಿ, ಉಪ್ಪು ಎಲ್ಲ ಒಳ್ಳೆಯದೇ, ಆದರೆ ಜೋರು ಮಳೆಗೆ ತೊಳೆದು ಹೋಗುತ್ತದೆ.

ಹೊಸನಗರ ಸೀಮೆ:
ಮೇಲಿನವರು ಹೇಳಿದ್ದು ನಿಜ. ಒಂದು ಮಾತು ಸೇರಿಸುತ್ತೇನೆ. ಬೂಟನ್ನು ಅಟ್ಟದ ಮೇಲೆ ಇಟ್ಟು ಮರೆಯಬೇಡಿ. ನನ್ನದು ನಾಲ್ಕು ವರ್ಷ ಇತ್ತು, ನೋಡೋಕೆ ಹೊಸದೇ. ನಮ್ಮ ತಾಲೂಕಿನ ನಗರ (ಬಿದನೂರು) ಊರಿನ ಕೋಟೆಯ ಮೆಟ್ಟಿಲಲ್ಲಿ ಅಟ್ಟೆ ಪೂರ್ತಿ ಕಿತ್ತು ಬಂತು, ಒಳಗಿನ ಫೋಮು ಹಳೇ ರೊಟ್ಟಿ ಹಾಗೆ ಪುಡಿ ಪುಡಿ. ಆ ಫೋಮು ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿನದು, ತೇವಕ್ಕೆ ಹಾಗೆ ಹಾಳಾಗುತ್ತದೆಯಂತೆ. ಒದ್ದೆ ಬೂಟನ್ನು ಒಲೆ ಪಕ್ಕ ಇಟ್ಟರೂ ಅಂಟು ಬಿಡುತ್ತದೆ. ಒಳಗೆ ಪೇಪರ್ ತುರುಕಿ, ಎರಡು ಸಲ ಬದಲಿಸಿ, ಗಾಳಿಗೆ ಇಡಿ.

ತೋಟದಮನೆ:
ತುಂಬಾ ಉಪಕಾರವಾಯಿತು. ಹಂಟಿಂಗ್ ಬೂಟು ಬಿಟ್ಟೆ. ನಿನ್ನೆ ಸಂಜೆ ಶಿವಮೊಗ್ಗಕ್ಕೆ ಹೋಗಿ, ಪೊರೆ ಇಲ್ಲದ, ಪಾದದ ಗಂಟು ಮುಚ್ಚುವ ಒಂದು ಜೋಡಿ ತಂದೆ. ನನ್ನ ಅಳತೆಗಿಂತ ಅರ್ಧ ಸೈಜು ದೊಡ್ಡದು. ಬೆಳಿಗ್ಗೆ ತೋಟದ ದರೆ ನಾಲ್ಕು ಸಲ ಹತ್ತಿ ಇಳಿದೆ, ಬೆರಳು ತಾಗಲಿಲ್ಲ. ಉಂಬಳದ ಚೀಲವನ್ನು ಅಮ್ಮ ಅಪ್ಪನ ಹಳೇ ಪಂಚೆಯಲ್ಲಿ ಹೊಲಿಯುತ್ತಿದ್ದಾರೆ. ಎರಡು ಪದರ ಹಾಕಿ ಅಂದಿದ್ದೇನೆ.