ಆನೆಗೊಂದಿ ಕಡೆಯ ಬಂಡೆ ನೆಲದಲ್ಲಿ ಜಪಾನಿನ ಕಾಡಿನಂಥ ತೋಟ: ಎಲ್ಲಿಂದ ಆರಂಭಿಸಬೇಕು?

ಮಸಾರಿ ಹೊಲ:
ಗಂಗಾವತಿ ತಾಲ್ಲೂಕಿನ ಆನೆಗೊಂದಿ ಕಡೆಗೆ ನಮಗೆ 10 ಗುಂಟೆ ಮಸಾರಿ ನೆಲವಿದ್ದು, ಅದರ ಅರ್ಧವನ್ನು ಬಂಡೆಗಳೇ ಆವರಿಸಿರುವುದರಿಂದ ಬೇಸಾಯಕ್ಕೆ ಬಾರದೆ ಬಿದ್ದಿದೆ. ಜಪಾನಿನ ದೇವಾಲಯಗಳ ಹಿಂದಿನ ಕಾಡನ್ನು ನೆನಪಿಸುವ, ಸುಮ್ಮನೆ ಕುಳಿತು ಮನಸ್ಸನ್ನು ಒಂದೆಡೆ ನಿಲ್ಲಿಸಲು ಅನುಕೂಲವಾದ ತೋಟವನ್ನು ಅಲ್ಲಿ ಮಾಡಬೇಕೆಂದಿದ್ದೇನೆ. ನರ್ಸರಿಯವರು ಜಪಾನಿ ಮೇಪಲ್ ತರಿಸಿಕೊಡುತ್ತೇವೆ, ಪಾಚಿಯನ್ನೂ ಬೆಳೆಸಬಹುದು ಎನ್ನುತ್ತಾರೆ. ಬೇಸಿಗೆಯಲ್ಲಿ ಕೊಳವೆಬಾವಿಯ ನೀರು ಸಾಲುವುದಿಲ್ಲ. ತಿಳಿದವರು ದಾರಿ ತೋರಿಸಬೇಕು.

ಕಮರದ ನೆರಳು:
ಮೇಪಲ್‌ಗೆ ಹಣ ಸುರಿಯಬೇಡಿ. ನಮ್ಮ ಏಪ್ರಿಲ್ಲಿನ ಬಿಸಿಗಾಳಿಗೆ ಅದರ ಎಲೆ ಅಂಚಿನಿಂದಲೇ ಸುಟ್ಟುಹೋಗುತ್ತದೆ. ಪಾಚಿಯ ಮಾತಿಗೆ ಬಂದರೆ, ಕ್ಯೋಟೋದ ಸೈಹೋಜಿ ದೇವಾಲಯದ ತೋಟವನ್ನು ಜೆನ್ ಗುರು ಮುಸೋ ಸೋಸೆಕಿ 1339ರಲ್ಲಿ ಹೊಸದಾಗಿ ರೂಪಿಸಿದಾಗ ಪಾಚಿ ಅವರ ಯೋಜನೆಯಲ್ಲೇ ಇರಲಿಲ್ಲ. ಶತಮಾನಗಳ ನಂತರ ಆರೈಕೆ ತಪ್ಪಿದ ಕಾಲದಲ್ಲಿ, ಮರಗಳ ನೆರಳಿನ ತೇವದ ನೆಲದಲ್ಲಿ ಅದು ತಾನಾಗಿ ಹಬ್ಬಿತು. ಇಂದು ಅಲ್ಲಿ ಸುಮಾರು 120 ಬಗೆಯ ಪಾಚಿಗಳಿವೆ. ಕ್ಯೋಟೋದಲ್ಲಿ ವರ್ಷಕ್ಕೆ 1500 ಮಿಲಿಮೀಟರ್‌ನಷ್ಟು ಮಳೆ. ನಮ್ಮಲ್ಲಿ 600ರ ಆಸುಪಾಸು. ಆ ನೆಲ ತನಗೆ ಒಗ್ಗಿದ್ದನ್ನು ಬೆಳೆದುಕೊಂಡಿದೆ, ನಿಮ್ಮದೂ ಹಾಗೆಯೇ ಬೆಳೆಯಲಿ.

ಜಪಾನಿನವರಿಂದ ಕಲಿಯಬೇಕಾದದ್ದು ಕಲ್ಲು ಮತ್ತು ನೋಟದ ವಿಷಯ. ಕಲ್ಲು ನೆಲದಿಂದಲೇ ಎದ್ದಂತೆ ಕಾಣಲೆಂದು ಅವರು ಬುಡವನ್ನು ಆಳವಾಗಿ ಹೂಳುತ್ತಾರೆ. ನಿಮ್ಮ ಬಂಡೆಗಳು ಹುಟ್ಟಿನಿಂದಲೇ ಹಾಗಿರುವುದರಿಂದ ಒಂದನ್ನೂ ಒಡೆಸಬೇಡಿ. ದೂರದ ಬೆಟ್ಟವನ್ನು ತೋಟದ ಭಾಗವೆಂಬಂತೆ ಮರಗಳ ನಡುವೆ ತೋರಿಸುವ ಪದ್ಧತಿಗೆ ಅಲ್ಲಿ ಶಕ್ಕೇಯಿ ಎನ್ನುತ್ತಾರೆ. ಅಂಜನಾದ್ರಿ ಕಾಣುವಂತಿದ್ದರೆ ಆ ದಿಕ್ಕನ್ನು ತೆರೆದಿಟ್ಟು, ಉಳಿದ ಕಡೆ ಕಮರ, ದಿಂಡಿಗ, ಕಕ್ಕೆ, ಬಿಲ್ವಪತ್ರೆಗಳನ್ನೂ ಅವುಗಳ ಕೆಳಗೆ ಬಂದರಿಕೆ, ಲಕ್ಕಿ, ಕವಳಿಗಳನ್ನೂ ನೆಡಿ.

ಎಲೆ ಉದುರು:
ಮೇಲಿನ ಪಟ್ಟಿಯನ್ನು ಒಪ್ಪುತ್ತೇನೆ, ಆದರೆ ಅವುಗಳಲ್ಲಿ ಹೆಚ್ಚಿನವು ನೆರಳು ಅತ್ಯಗತ್ಯವಾಗಿರುವ ಹೊತ್ತಿನಲ್ಲೇ ಬೋಳಾಗಿರುತ್ತವೆ. ಕುಳಿತುಕೊಳ್ಳುವ ಜಾಗದ ಸುತ್ತ ಹುಣಸೆ, ಬೇವು, ಹೊಂಗೆ ಇರಲಿ. ಉದುರಿದ ಎಲೆಯನ್ನು ಗುಡಿಸಿ ಸುಡುವ ಚಟವನ್ನು ಮಾತ್ರ ಬಿಡಬೇಕು, ಏಕೆಂದರೆ ತೇವ ಹಿಡಿದಿಡಲು ನಿಮಗಿರುವ ಅಗ್ಗದ ಸಾಧನ ಅದೇ.

ಯಾರಾದರೂ ಚಿಕ್ಕ ಜಾಗದಲ್ಲಿ ಸಸಿಗಳನ್ನು ಒತ್ತೊತ್ತಾಗಿ ನೆಟ್ಟು ಕಾಡು ಬೆಳೆಸುವ ಮಿಯಾವಾಕಿ ಪದ್ಧತಿಯನ್ನು ಸೂಚಿಸಬಹುದು. ಅದನ್ನು ರೂಪಿಸಿದ ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ (1928–2021) ಸ್ಥಳೀಯ ಜಾತಿಗಳಿಗೇ ಒತ್ತು ಕೊಟ್ಟರೆಂಬುದು ನಿಜ, ಆದರೆ ಚದರ ಮೀಟರಿಗೆ ಮೂರು-ನಾಲ್ಕು ಸಸಿ ನೆಟ್ಟ ಕಾಡಿನೊಳಗೆ ಕಾಲಿಡಲೂ ಜಾಗವಿರುವುದಿಲ್ಲ. ಮೊದಲ ಎರಡು-ಮೂರು ವರ್ಷ ನೀರನ್ನೂ ಕೊಡಬೇಕು. ರಸ್ತೆಯ ಬದಿಗೆ ಒಂದು ಪಟ್ಟಿಯಾಗಿ ಮಾಡಿದರೆ ಧೂಳನ್ನೂ ಲಾರಿಗಳ ಸದ್ದನ್ನೂ ತಗ್ಗಿಸೀತು, ಅಷ್ಟಕ್ಕೆ ಸಾಕು.

ತುಂಗಭದ್ರೆ ದಂಡೆ:
ಸಸಿಗಿಂತ ಮೊದಲು ದಾರಿಯನ್ನು ಗುರುತಿಸಿ. ಜಪಾನಿನ ಚಹಾಮನೆಗೆ ಹೋಗುವ ದಾರಿಯ ಮೆಟ್ಟುಗಲ್ಲುಗಳನ್ನು, ನಡೆಯುವವರು ನಿಧಾನಿಸಿ ಪಾದದ ಕಡೆ ಗಮನ ಕೊಡುವಂತೆ ಹಾಸಿರುತ್ತಾರೆ; ಒಂದೇ ನೋಟಕ್ಕೆ ಎಲ್ಲವೂ ಕಾಣದಂತೆ ನಿಮ್ಮ ದಾರಿಯೂ ಬಂಡೆಗಳನ್ನು ಬಳಸಿ ಹೋಗಲಿ. ಕೂರುವ ಕಲ್ಲನ್ನು ದೊಡ್ಡ ಬಂಡೆಯ ಪಶ್ಚಿಮಕ್ಕೆ ಹಾಕಿಸಿದರೆ ಬೆಳಗಿನ ಹೊತ್ತು ನೆರಳೂ ಸಿಗುತ್ತದೆ, ರಾತ್ರಿಯೆಲ್ಲ ತಣಿದ ಬಂಡೆಯ ತಂಪೂ ಸಿಗುತ್ತದೆ. ಸಂಜೆಗೆ ಅದೇ ಬಂಡೆ ಕಾವು ಉಗುಳುತ್ತದೆ. ಬಂಡೆ ಸಂದಿಗಳಲ್ಲಿ ಹಾವು ಸಹಜವಾದ್ದರಿಂದ ದಾರಿಯ ಎರಡೂ ಬದಿಗೆ ಮೂರು ಅಡಿಯಷ್ಟು ನೆಲವನ್ನು ಪೊದೆಯಿಲ್ಲದೆ ಬಿಡಿ.