ಪೀಣ್ಯ ಅತ್ತೆಯ 21 ವರ್ಷದ ಸರ್ವೀಸ್ ಎಲ್ಲಿ ಹೋಯಿತು?

ದೊಡ್ಡಪ್ಪ (ಮನೆಯವರ ವಾಟ್ಸಾಪ್ ಗುಂಪಿಗೆ ಫಾರ್ವರ್ಡ್ ಮಾಡಿದ ಚಿತ್ರ): "ಗಂಡಸು ರಿಟೈರ್ ಆದರೆ ಮೂಲೆ ಸೇರುತ್ತಾನೆ. ಹೆಂಗಸಿಗೆ ರಿಟೈರ್‌ಮೆಂಟೇ ಇಲ್ಲ. ಅದಕ್ಕೇ ಅವಳು ಕೊನೆಯವರೆಗೂ ಖುಷಿಯಾಗಿರುತ್ತಾಳೆ. ಎಲ್ಲ ಗುಂಪಿಗೂ ಕಳಿಸಿ."

ಅಣ್ಣ: ನೂರಕ್ಕೆ ನೂರು ನಿಜ 🙏

ನಾನು: ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಗುಂಪಿನಲ್ಲೇ ದುಡಿದು ರಿಟೈರ್ ಆದ ಇಬ್ಬರಿದ್ದಾರೆ. ಸ್ಕೂಲ್ ಟೀಚರ್ ಆಗಿದ್ದ ಮೈಸೂರು ಚಿಕ್ಕಮ್ಮ, ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದ ಪೀಣ್ಯ ಅತ್ತೆ. ಇಬ್ಬರೂ ಒಂದೇ ತರಹ ಖುಷಿಯಾಗಿದ್ದಾರಾ?

ದೊಡ್ಡಪ್ಪ: ನಾನು ಹೇಳಿದ್ದು ದುಡ್ಡಿನ ವಿಷಯ ಅಲ್ಲಮ್ಮ. ರಿಟೈರ್ ಆದ ಮೊದಲ ವರ್ಷ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿಗೆ ಹೋಗಬೇಕು ಅಂತಲೇ ನನಗೆ ತಿಳಿಯುತ್ತಿರಲಿಲ್ಲ. ನಿನ್ನ ದೊಡ್ಡಮ್ಮನಿಗೆ ಆ ಕಷ್ಟ ಬರಲಿಲ್ಲ. ಕೈಯಲ್ಲಿ ಯಾವಾಗಲೂ ಒಂದು ಕೆಲಸ ಇರುತ್ತದೆ.

ಮೈಸೂರು ಚಿಕ್ಕಮ್ಮ: ಭಾವ, ಕೈಯಲ್ಲಿ ಕೆಲಸ ಇದ್ದ ಮಾತ್ರಕ್ಕೆ ಖುಷಿ ಬರುವುದಿಲ್ಲ. ನಾನು ಖುಷಿಯಾಗಿದ್ದೇನೆ, ನಿಜ. ಒಂದನೇ ತಾರೀಕು ನನ್ನ ಪಿಂಚಣಿ ನನ್ನ ಖಾತೆಗೆ ಬರುತ್ತದೆ. ಹಳೇ ಸ್ಕೂಲಿನ ಟೀಚರುಗಳ ಜೊತೆ ವಾಕಿಂಗ್ ಹೋಗುತ್ತೇನೆ. ಮೊಮ್ಮಗನನ್ನು ನೋಡಿಕೊಳ್ಳಲು ಇವತ್ತು ಆಗುವುದಿಲ್ಲ ಅಂತ ಹೇಳಬಲ್ಲೆ. ಆ ಧೈರ್ಯ ಪಿಂಚಣಿಯಿಂದಲೇ ಬಂದಿದ್ದು.

ನಾನು: 2019ರಲ್ಲಿ ಕೇಂದ್ರ ಸರ್ಕಾರ ಜನ ದಿನ ಹೇಗೆ ಕಳೆಯುತ್ತಾರೆ ಅಂತ ದೇಶಾದ್ಯಂತ ಸರ್ವೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರದ್ದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರದ್ದು 97. ಹತ್ತಿರ ಹತ್ತಿರ ಐದು ಗಂಟೆ, ದೊಡ್ಡಪ್ಪ. ಬೇಡ ಅನ್ನಲು ಆಗದ ಕೆಲಸ ಅದು. ಅದನ್ನೇ ಅವರ ಖುಷಿ ಅಂದುಬಿಟ್ಟರೆ ಹೇಗೆ?

ಅಣ್ಣ: ಸರಿ, ಆದರೆ ಅತ್ತೆ ವಿಷಯ ಬೇರೆ. ಪ್ರತಿ ಸಲ ಕೆಲಸ ಬಿಟ್ಟಾಗಲೂ ಅವರೇ ತಾನೇ ಪಿಎಫ್ ಬಿಡಿಸಿಕೊಂಡಿದ್ದು? ಯಾರೂ ಬಲವಂತ ಮಾಡಲಿಲ್ಲ. ಈಗ ಪಿಂಚಣಿ ಇಲ್ಲ ಅಂದರೆ ಏನು ಮಾಡುವುದು?

ಪೀಣ್ಯ ಅತ್ತೆ: ಬಿಡಿಸಿಕೊಂಡೆ ಕಣಪ್ಪ. ಮೊದಲನೇ ಸಲ ನಮ್ಮತ್ತೆಗೆ ಲಕ್ವಾ ಹೊಡೆಯಿತು. ಎತ್ತಿ ಕೂರಿಸಲು ಮನೆಯಲ್ಲಿ ಇನ್ಯಾರಿದ್ದರು? ಎರಡನೇ ಸಲ ಮಗಳ ಬಾಣಂತನ. ರಜಾ ಕೇಳಿದೆ. ಹೆರಿಗೆ ನಿನ್ನದಲ್ಲವಲ್ಲ ಅಂದರು. ಪಿಎಫ್ ದುಡ್ಡಲ್ಲೇ ಆಸ್ಪತ್ರೆ ಬಿಲ್ ಕಟ್ಟಿದ್ದು.

ನಾನು: ಅಣ್ಣ, ಆಫೀಸಿನಲ್ಲಿ ನಾನು ಪಿಎಫ್ ಕಾಗದ ನೋಡುವವಳು. ಲೆಕ್ಕ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದು. ಅತ್ತೆ 1996ರಿಂದ 2004, 8 ವರ್ಷ. 2009ರಿಂದ 2015, 6 ವರ್ಷ. 2017ರಿಂದ 2024, 7 ವರ್ಷ. ಒಟ್ಟು 21. ಪಿಎಫ್‌ನ ಪಿಂಚಣಿ ಯೋಜನೆ ಶುರುವಾಗಿದ್ದು 1995ರ ನವೆಂಬರ್‌ನಲ್ಲಿ. ಅದರಲ್ಲಿ ತಿಂಗಳ ಪಿಂಚಣಿ ಬೇಕಾದರೆ 10 ವರ್ಷದ ಸರ್ವೀಸ್ ಬೇಕು. ಅದಕ್ಕಿಂತ ಕಡಿಮೆ ಇದ್ದಾಗ, ಪಿಎಫ್ ದುಡ್ಡಿನ ಜೊತೆ ಈ ಪಿಂಚಣಿಗೆ ಕೂಡಿಟ್ಟ ಭಾಗವನ್ನೂ ತೆಗೆದುಕೊಂಡರೆ ಆ ವರ್ಷಗಳು ಸೊನ್ನೆ. 8 ಸೊನ್ನೆ ಆಯಿತು, 6 ಸೊನ್ನೆ ಆಯಿತು, 7 ಕೂಡ ಸೊನ್ನೆ.

ಮೂರನ್ನೂ ಕೂಡಿಸಿದ್ದರೆ? ಸಂಬಳವನ್ನು ವರ್ಷದಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 20 ವರ್ಷ ದಾಟಿದವರಿಗೆ 2 ವರ್ಷ ಸೇರಿಸಿ ಕೊಡುತ್ತಾರೆ. ಕೊನೆಯ 5 ವರ್ಷದ ಸರಾಸರಿ ಸಂಬಳ 10,000 ಅಂತ ಹಿಡಿ. 23 ವರ್ಷಕ್ಕೆ ತಿಂಗಳಿಗೆ 3,280 ದಾಟುತ್ತಿತ್ತು. ದೊಡ್ಡ ಮೊತ್ತ ಅಲ್ಲ. ಆದರೆ ಮಾತ್ರೆಗೆ ಮಗನ ಹತ್ತಿರ ಕೇಳುವುದು ತಪ್ಪುತ್ತಿತ್ತು.

ಅಣ್ಣ: ಗೃಹಲಕ್ಷ್ಮಿ 2,000 ಬರುತ್ತದಲ್ಲ. ಮತ್ತೆ 2016ರಲ್ಲಿ ಗಾರ್ಮೆಂಟ್ಸ್‌ನವರೇ ಪಿಎಫ್ ತೆಗೆಯಲು ಬಿಡಿ ಅಂತ ಹೊಸೂರು ರಸ್ತೆ ಬಂದ್ ಮಾಡಿದ್ದರು.

ನಾನು: ಗೃಹಲಕ್ಷ್ಮಿ ಬರಲಿ, ಒಳ್ಳೆಯದೇ. ಅದು ಮನೆ ಯಜಮಾನಿಗೆ ಕೊಡುವ ಹಣ, 21 ವರ್ಷ ಹೊಲಿದಿದ್ದಕ್ಕೆ ಬರುವುದಲ್ಲ. 2016ರ ಏಪ್ರಿಲ್‌ನಲ್ಲಿ ಅವರು ಬೀದಿಗೆ ಬಂದಿದ್ದು ಯಾಕೆ? ಮಾಲೀಕರ ಪಾಲಿನ ಪಿಎಫ್ 58 ತುಂಬುವವರೆಗೆ ಮುಟ್ಟುವ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಕೆಲಸ ಹೋದಾಗ, ಕಾಯಿಲೆ ಬಂದಾಗ ಅವರಿಗೆ ಇದ್ದಿದ್ದು ಅದೊಂದೇ ಉಳಿತಾಯ. ಎರಡು ದಿನದಲ್ಲಿ ಸರ್ಕಾರ ಆ ನಿಯಮ ವಾಪಸ್ ಪಡೆಯಿತು.

ಪೀಣ್ಯ ಅತ್ತೆ: ಆಗ ನಾನು ಮಗಳ ಮನೆಯಲ್ಲಿದ್ದೆ. ನಮ್ಮ ಲೈನಿನವರೆಲ್ಲ ಹೋಗಿದ್ದರು. ಬರೀ ದುಡ್ಡಿನ ಮಾತೂ ಅಲ್ಲ. ಗಂಟೆ ಗಂಟೆಗೂ ಸೂಪರ್‌ವೈಸರ್ ಬಂದು ಬೋರ್ಡಿನ ಮೇಲೆ ಪೀಸ್ ಎಷ್ಟಾಯಿತು ಅಂತ ಬರೆಯುತ್ತಿದ್ದ. ಟಾಯ್ಲೆಟ್‌ಗೆ ಎದ್ದರೆ ಟಾರ್ಗೆಟ್ ತಪ್ಪುತ್ತದೆ ಅಂತ ನೀರೇ ಕುಡಿಯುತ್ತಿರಲಿಲ್ಲ. ಈಗ ಸೊಂಟ ಬಗ್ಗುವುದಿಲ್ಲ, ಉರಿಮೂತ್ರ ಬಿಡುವುದಿಲ್ಲ. ಆದರೂ ಸೀರೆಗೆ ಫಾಲ್ ಹಾಕಿ, ಜಿಗ್‌ಜಾಗ್ ಮಾಡಿ ಕೊಡುತ್ತಿದ್ದೇನೆ. ಸುಮ್ನೆ ಕೂರಲು ಆಗುತ್ತದಾ?

ಮೈಸೂರು ಚಿಕ್ಕಮ್ಮ: ಇದನ್ನೆಲ್ಲ ನಮಗೆ ಯಾವತ್ತೂ ಹೇಳಲೇ ಇಲ್ಲವಲ್ಲೇ. ನನ್ನ ಎರಡೂ ಹೆರಿಗೆ ರಜೆ ಸರ್ವೀಸ್ ಒಳಗೇ ಲೆಕ್ಕ ಆಯಿತು. ಒಂದು ದಿನವೂ ಕಡಿತ ಆಗಲಿಲ್ಲ.

ನಾನು: ನಾನು ಹೇಳುತ್ತಿರುವುದು ಅದೇ, ಚಿಕ್ಕಮ್ಮ. ನೀವಿಬ್ಬರೂ ಮನೆಯವರಿಗಾಗಿ ಕೆಲಸದಿಂದ ದೂರ ಉಳಿದಿರಿ. ನಿಮ್ಮದು ರಜೆ ಅಂತಾಯಿತು. ಅತ್ತೆಯದು ರಾಜೀನಾಮೆ ಅಂತಾಯಿತು.

ದೊಡ್ಡಪ್ಪ: ಅದು ನ್ಯಾಯ ಅಲ್ಲ, ನಿಜ. ಆದರೆ ಆಗ ಅವಳು ಇನ್ನೇನು ಮಾಡಬಹುದಿತ್ತು? ಆಸ್ಪತ್ರೆ ಬಿಲ್ ಕಟ್ಟಲೇಬೇಕಿತ್ತಲ್ಲ.

ನಾನು: ಬಿಲ್ ಕಟ್ಟಿಯೂ ವರ್ಷ ಉಳಿಸಿಕೊಳ್ಳಬಹುದಿತ್ತು. ಪಿಎಫ್ ದುಡ್ಡಿಗೆ ಫಾರಂ 19. ಪಿಂಚಣಿ ಭಾಗಕ್ಕೆ ಫಾರಂ 10ಸಿ. ಎರಡೂ ಬೇರೆ ಬೇರೆ. ಅದೇ 10ಸಿಯಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿದರೆ ಹಳೆಯ ವರ್ಷಗಳು ಮುಂದಿನ ಕೆಲಸಕ್ಕೆ ಸೇರುತ್ತವೆ. ಕಂಪನಿಯಲ್ಲಿ ಅತ್ತೆಗೆ ಇದನ್ನು ಯಾರೂ ಹೇಳಲಿಲ್ಲ. ಸಹಿ ಹಾಕು ಅಂದರು, ಹಾಕಿದರು.

ಅಣ್ಣ: ಇದು ನನಗೂ ಗೊತ್ತಿರಲಿಲ್ಲ. ನಿನ್ನ ಅತ್ತಿಗೆ ಮುಂದಿನ ತಿಂಗಳು ಕೆಲಸ ಬಿಡುತ್ತಿದ್ದಾಳೆ. 6 ವರ್ಷ ಆಗಿದೆ.

ನಾನು: 10ಸಿಯಲ್ಲಿ ದುಡ್ಡು ಕೇಳಬೇಡಿ ಅಂತ ಇವತ್ತೇ ಹೇಳು. ಯುಎಎನ್ ನಂಬರ್, ಅಂದರೆ ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್, ಒಂದೇ ಇರಲಿ. ಮತ್ತೆ ಸೇರಿದಾಗ ಅದನ್ನೇ ಕೊಡಲಿ.

ಅತ್ತೆ, ನಿಮ್ಮ ಇಎಸ್‌ಐ (ಕಾರ್ಮಿಕರ ವಿಮೆ) ಕಾರ್ಡ್ ಇದೆಯಾ? ಕನಿಷ್ಠ 5 ವರ್ಷ ಇಎಸ್‌ಐ ಇದ್ದು ವಯಸ್ಸಾಗಿ ರಿಟೈರ್ ಆದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಇಎಸ್‌ಐನಲ್ಲಿ ಚಿಕಿತ್ಸೆ ಸಿಗುತ್ತದೆ. ಕೊನೆಯ ಕಂಪನಿಯಲ್ಲೇ ನಿಮಗೆ 7 ವರ್ಷ ಆಗಿದೆ.

ಪೀಣ್ಯ ಅತ್ತೆ: ಕಾರ್ಡ್ ಬೀರುವಿನಲ್ಲಿದೆ. ರಿಟೈರ್ ಆದಾಗ ಕೊಟ್ಟ ಲೆಟರ್ರೂ ಇದೆ.

ನಾನು: ಎರಡರದ್ದೂ ಫೋಟೋ ತೆಗೆದು ನನಗೆ ಕಳಿಸಿ. ಶನಿವಾರ ಬರುತ್ತೇನೆ, ಕೂತು ಅರ್ಜಿ ತುಂಬೋಣ.